ಮೊದಲ ಅಕ್ಷರವಿಲ್ಲದ ಪುಸ್ತಕ

"ಬರೋ ತಿಂಗಳಿಂದ ನೀನು ಅಧ್ಯಕ್ಷರ ಹೆಂಡತಿ," ಎಂದು ಕನ್ನಡಕಪ್ಪ ಬೆಳಗಿನ ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿದ.

ಹೆಂಡತಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು. "ಯಾವ ಅಧ್ಯಕ್ಷರ?" ಎಂದಳು.

"ಯಾವ ಅಧ್ಯಕ್ಷರು ಅಂದ್ರೇನೇ? ನಾನೇ. ಓದುಗರ ಕೂಟಕ್ಕೆ. ಜಡ್ಜ್ ಸಾಹೇಬರು ಇನ್ನು ನನ್ನಿಂದಾಗಲ್ಲ ಅಂದುಬಿಟ್ಟಿದಾರೆ. ಆ ಕುರ್ಚಿಗೆ ಈ ಊರಲ್ಲಿ ಇನ್ಯಾರಿದಾರೆ ಹೇಳು."

"ಅದಕ್ಕೆ ಪುಸ್ತಕ ಓದಿರಬೇಕಲ್ವಾ?"

"ಪುಸ್ತಕ ಓದೋರು ಬೇಕಾದಷ್ಟು ಜನ ಇದಾರೆ. ಅಭಿಪ್ರಾಯ ಹೇಳೋರು ಎಲ್ಲಿದಾರೆ?"

ಕನ್ನಡಕಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ರಸ್ತೆಯ ತಿರುವಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನನ್ನು ಜನ ಇನ್ನೇನೆಂದು ಕರೆಯುತ್ತಾರೆ? ಊರಿನ ಅರ್ಧ ಜನರ ಮೂಗಿನ ಮೇಲೆ ಕೂತಿರುವುದು ಅವನು ಕೊಟ್ಟ ಕನ್ನಡಕ. ಆದ್ದರಿಂದ ಆ ಅರ್ಧ ಜನ ಓದಿದ್ದರಲ್ಲೆಲ್ಲ ತನಗೂ ಒಂದು ಪಾಲು ಸಲ್ಲಬೇಕೆಂದು ಅವನ ವಾದ. ತಾನೇ ಖುದ್ದಾಗಿ ಓದುವ ತಾಪತ್ರಯಕ್ಕೆ ಅವನು ಹೋದವನಲ್ಲ.

ಅವನದೊಂದು ಪದ್ಧತಿಯಿತ್ತು. ಪುಸ್ತಕದ ಹಿಂದಿನ ರಟ್ಟಿನ ಮೇಲಿನ ಮಾತು ಓದುವುದು, ಮೊದಲ ಪುಟ ನೋಡುವುದು, ಕೊನೆಯ ಪುಟ ನೋಡುವುದು. ನಡುವಿನದನ್ನು ಹೆಬ್ಬೆರಳಿನಿಂದ ಪರ್ರೆಂದು ಬಿಟ್ಟು, ಏಳುವ ಗಾಳಿಗೆ ಮುಖ ಒಡ್ಡುವುದು. "ಪುಸ್ತಕದ ಗಾಳಿ ಸೋಕಿದ್ರೆ ಸಾಕು ಕಣೇ," ಎನ್ನುತ್ತಿದ್ದ. ಆಮೇಲೆ ಕೂಟದಲ್ಲಿ ಆಡುವ ಮಾತುಗಳು ಅವನ ಬಳಿ ಯಾವಾಗಲೂ ಸಿದ್ಧವಿರುತ್ತಿದ್ದವು. ಅಂಗಡಿಯಲ್ಲಿ ತೂಗುಹಾಕಿದ ರೆಡಿಮೇಡ್ ಕನ್ನಡಕಗಳ ಹಾಗೆ, ಯಾವ ಪುಸ್ತಕದ ಮೂಗಿಗಾದರೂ ಕೂರುವಂಥವು. ಓದಿಸಿಕೊಂಡು ಹೋಗುತ್ತದೆ. ಕಣ್ಣಿಗೆ ಕಟ್ಟುತ್ತದೆ. ಮನಸ್ಸಿಗೆ ನಾಟುತ್ತದೆ.

ಮದುವೆಯಾದ ಹೊಸದರಲ್ಲಿ ಹೆಂಡತಿ ಒಂದು ಸಂಜೆ ನಾಚಿಕೊಂಡೇ ಕೇಳಿದ್ದಳು, "ನನ್ನ ಬಗ್ಗೆ ನಿಮಗೇನನ್ನಿಸುತ್ತೆ?" ಎಂದು. ಇವನು ಗಲ್ಲಕ್ಕೆ ಕೈಯಿಟ್ಟು ಯೋಚಿಸಿ, "ಓದಿಸಿಕೊಂಡು ಹೋಗ್ತೀಯ," ಎಂದಿದ್ದ. ಆ ದಿನ ಅಡುಗೆಗೆ ಉಪ್ಪು ಬೀಳಲಿಲ್ಲ.

ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಆ ಕಾರಿನಲ್ಲಿ ಕಲಿಯುವವನ ಕಾಲ ಕೆಳಗೆ ಒಂದು ಬ್ರೇಕು, ಪಕ್ಕದಲ್ಲಿ ಕೂತ ಇವಳ ಕಾಲ ಕೆಳಗೆ ಇನ್ನೊಂದು. ಮನೆಯಲ್ಲೂ ಆ ಎರಡನೆಯ ಬ್ರೇಕು ಅವಳ ಬಳಿಯೇ ಇದೆ ಎಂದು ಬೀದಿಯವರ ಅಂಬೋಣ. ಅವಳೂ ಓದುತ್ತಾಳೆ, ನಿಧಾನವಾಗಿ, ಪಾಠದ ನಡುವೆ ಸಿಕ್ಕ ಬಿಡುವಿನಲ್ಲಿ. ಆ ಬೆಳಿಗ್ಗೆಯೂ ಅವಳ ತಟ್ಟೆಯ ಪಕ್ಕದಲ್ಲಿ ಒಂದು ಪುಸ್ತಕವಿತ್ತು, ಗುರುತಿಗೆ ಬಸ್ ಟಿಕೆಟ್ ಸಿಕ್ಕಿಸಿಕೊಂಡು. ಅವಳು ಅದರ ಮಾತೆತ್ತಲಿಲ್ಲ. ಇವನು ಕೇಳಲೂ ಇಲ್ಲ.

ಜಡ್ಜ್ ಸಾಹೇಬರು ನಿವೃತ್ತರಾದ ಮೇಲೆ ತೀರ್ಪು ಕೊಡಲು ಬೇರೇನೂ ಸಿಗದೆ ಓದುಗರ ಕೂಟ ಕಟ್ಟಿದವರು. ಭಾನುವಾರ ಬೆಳಿಗ್ಗೆ ಲೈಬ್ರರಿಯ ಮಹಡಿ ಕೋಣೆಯಲ್ಲಿ ಎಲ್ಲರೂ ಸೇರಿ, ಇತ್ತೀಚೆಗೆ ಖುಷಿಗೆಂದು ಓದಿದ ಪುಸ್ತಕದ ಬಗ್ಗೆ ಒಬ್ಬೊಬ್ಬರೂ ಅಭಿಪ್ರಾಯ ಹೇಳುವುದು ಕೂಟದ ಕೆಲಸ. ಅಧ್ಯಕ್ಷರ ಆಯ್ಕೆಯ ಈ ಸಲ ಮಾತ್ರ ಸಾಹೇಬರು ಹೊಸ ನಿಯಮ ತಂದಿದ್ದರು. ಪುಸ್ತಕವನ್ನು ಲೈಬ್ರರಿ ಮೇಡಂ ಆರಿಸಿ ಕೊಡುತ್ತಾರೆ. ಯಾರೂ ಮುಟ್ಟದೆ ಬಿದ್ದಿರುವ ಪುಸ್ತಕಗಳೇ ಆಗಬೇಕು.

ಕನ್ನಡಕಪ್ಪನ ಪಾಲಿಗೆ ಬಂದದ್ದು ಕಂದು ರಟ್ಟಿನ ಒಂದು ಹಳೆಯ ಕಾದಂಬರಿ. ಒಳಗಿನ ಹೆಸರಿನ ಪುಟ ಹರಿದುಹೋಗಿತ್ತು. ಬೆನ್ನಿನ ಮೇಲೆ ಬಂಗಾರದ ಬಣ್ಣದಲ್ಲಿ ಬರೆದ ಹೆಸರಿನ ಮೊದಲ ಅಕ್ಷರ ಉಜ್ಜಿಹೋಗಿ "ಳಿದವಳು" ಎಂಬಷ್ಟು ಮಾತ್ರ ಉಳಿದಿತ್ತು.

"ಏನಿದು ಮೇಡಂ, ಉಳಿದವಳಾ ಅಳಿದವಳಾ?"

"ಇಳಿದವಳು ಅಂತಲೂ ಇರಬಹುದು," ಎಂದರು ಲೈಬ್ರರಿ ಮೇಡಂ. "ತಿಳಿದವಳು ಅಂತಲೂ. ಓದಿದ್ರೆ ಗೊತ್ತಾಗುತ್ತೆ."

"ಬರೆದೋರು?"

"ಇಲ್ಲೇ ಇದ್ದ ಒಬ್ಬ ಹೆಂಗಸಂತೆ. ತೀರಿಕೊಂಡು ಬಹಳ ಕಾಲ ಆಯ್ತು. ಬದುಕಿರೋವಾಗ ವಾರ ವಾರ ಬಂದು ಕೇಳೋರಂತೆ, ನನ್ನ ಪುಸ್ತಕ ಯಾರಾದ್ರೂ ಒಯ್ದ್ರಾ, ಏನಂದ್ರು ಅಂತ. ಯಾರೂ ಒಯ್ದಿರ್ತಿರಲಿಲ್ಲ. ನಮ್ಮ ಹಿಂದಿನ ಲೈಬ್ರೇರಿಯನ್ ಪಾಪ ಅಂದ್ಕೊಂಡು, ಎಲ್ಲರೂ ಚೆನ್ನಾಗಿದೆ ಅಂದ್ರು ಅಂತ ಹೇಳಿ ಕಳಿಸೋರು." ಮೇಡಂ ಪುಸ್ತಕದ ಧೂಳು ಒರೆಸಿ ಕೊಟ್ಟರು. "ಇದರ ಎದುರಿಗೆ ಸ್ವಲ್ಪ ನೋಡ್ಕೊಂಡು ಮಾತಾಡಿ."

"ಯಾಕೆ?"

"ಸುಮ್ನೆ ಹೇಳ್ದೆ."

ಕನ್ನಡಕಪ್ಪ ಮನೆಗೆ ಬಂದು ಹೆಬ್ಬೆರಳಿನಿಂದ ಪುಟಗಳನ್ನು ಪರ್ರೆನ್ನಿಸಿದ. ಎದ್ದ ಗಾಳಿ ಮಾತ್ರ ಯಾಕೋ ತಣ್ಣಗಿತ್ತು, ಬಹಳ ದಿನ ಮುಚ್ಚಿಟ್ಟ ಕೋಣೆಯ ಬಾಗಿಲು ತೆಗೆದಾಗ ಬರುವಂಥದ್ದು. ಅವನು ಒಂದು ಸಲ ಸೀನಿ, ಸಿದ್ಧತೆ ಮುಗಿಯಿತು ಎಂದು ಮಲಗಿದ.

ಭಾನುವಾರ ಕೂಟ ಭರ್ತಿಯಾಗಿತ್ತು. ಜಡ್ಜ್ ಸಾಹೇಬರು ತಮ್ಮ ಪುಸ್ತಕವನ್ನು ಒಂದೇ ಉಸಿರಿಗೆ ಓದಿ ಮುಗಿಸಿದೆನೆಂದರು. ಹಲ್ಲಿನ ಡಾಕ್ಟರು ತಮ್ಮದು ಓದುಗನನ್ನು ತುದಿಗಾಲ ಮೇಲೆ ನಿಲ್ಲಿಸುತ್ತದೆ ಎಂದರು. ಕನ್ನಡಕಪ್ಪನ ಸರದಿ ಬಂತು. ಅವನು ಎದ್ದು, ಪುಸ್ತಕವನ್ನು ಬಲಗೈಯಲ್ಲಿ ಎತ್ತಿ ಹಿಡಿದು, ಹೆಸರಿನ ಮೊದಲ ಅಕ್ಷರ ಬರುವ ಕಡೆ ಚೊಕ್ಕವಾಗಿ ಕೆಮ್ಮಿ, "...ಳಿದವಳು!" ಎಂದು ಆರಂಭಿಸಿದ.

"ಮಾನ್ಯರೇ, ಈ ಕೃತಿಯನ್ನು ಒಮ್ಮೆ ಕೈಗೆತ್ತಿಕೊಂಡರೆ ಕೆಳಗಿಡಲಾಗುವುದಿಲ್ಲ. ಮೊದಲಿನಿಂದ ಕೊನೆವರೆಗೂ ಓದಿಸಿಕೊಂಡು ಹೋಗುತ್ತದೆ. ಒಂದೊಂದು ಸನ್ನಿವೇಶವೂ ಕಣ್ಣಿಗೆ ಕಟ್ಟುತ್ತದೆ. ಮುಗಿಸಿದ ಮೇಲೂ ಬಹಳ ದಿನ ಕಾಡುತ್ತದೆ."

ಅಂಗೈಯಲ್ಲಿ ಪುಸ್ತಕ ಬೆಚ್ಚಗಾಗುತ್ತಿತ್ತು. ಬಿಸಿಲಿಗೆ ಇರಬೇಕೆಂದುಕೊಂಡ. ಬಿಸಿಲು ಕೋಣೆಯ ಆ ಕಡೆಯ ಗೋಡೆಯ ಮೇಲಿತ್ತು. ಮಾತಿನ ಭರದಲ್ಲಿ ಅವನು ಅದನ್ನು ಗಮನಿಸದೆ, ಕೊನೆಯದಾಗಿ ಎದೆಯ ಮೇಲೆ ಕೈಯಿಟ್ಟು ಹೇಳಿದ: "ಹೆಚ್ಚೇನು ಹೇಳಲಿ, ಲೇಖಕಿ ನಮ್ಮ ಎದುರಿಗೇ ಬಂದು ಕೂತು ಮಾತಾಡಿದ ಹಾಗಿದೆ."

ಚಪ್ಪಾಳೆ ಬಿತ್ತು. ಜಡ್ಜ್ ಸಾಹೇಬರು ಕಣ್ಣೊರೆಸಿಕೊಂಡರು. ಮುಂದಿನ ಭಾನುವಾರ ತೀರ್ಪು, ಆದರೆ ಅದು ಯಾರ ಕಡೆಗೆಂದು ಇಡೀ ಕೋಣೆಗೆ ಗೊತ್ತಾಗಿತ್ತು. ಎಲ್ಲರೂ ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಟೀ ತೆಗೆದುಕೊಂಡರು. ಕನ್ನಡಕಪ್ಪನೂ ಇಡಲು ಹೋದ. ಮೇಜಿಗೆ ಒಂದು ಗೇಣು ಇರುವಾಗ ಅವನ ಕೈ ನಿಂತುಬಿಟ್ಟಿತು. ಅಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಮೇಜು ಇದ್ದಂತಿತ್ತು. ಅವನು ಎಡಗೈಯಲ್ಲಿ ಟೀ ಕುಡಿದು, ಬಲಗೈಯಲ್ಲಿ ಪುಸ್ತಕ ಹಿಡಿದುಕೊಂಡೇ ಮನೆಗೆ ಬಂದ.

"ಊಟಕ್ಕೆ ಬನ್ನಿ, ಪುಸ್ತಕ ಕೆಳಗಿಡಿ," ಎಂದಳು ಹೆಂಡತಿ.

"ಆಗ್ತಿಲ್ಲ ಕಣೇ."

ಅವಳ ಮುಖ ಒಂದು ಕ್ಷಣ ಅರಳಿತು. "ಅಷ್ಟು ಚೆನ್ನಾಗಿದೆಯಾ?"

"ಚೆನ್ನಾಗಿದೆಯೋ ಇಲ್ವೋ ನನಗೇನು ಗೊತ್ತು? ಕೆಳಗಿಡೋಕ್ಕೆ ಆಗ್ತಿಲ್ಲ."

ಅವಳು ಬಂದು ಮಣಿಕಟ್ಟು ಹಿಡಿದು ಒತ್ತಿದಳು. ಮೇಜಿಗೆ ಒಂದು ಗೇಣು ಮೇಲೆ ಕೈ ನಿಂತಿತು. ಕುರ್ಚಿಯ ಮೇಲೆ ಪ್ರಯತ್ನಿಸಿದರು, ನೆಲದ ಮೇಲೆ ಪ್ರಯತ್ನಿಸಿದರು. ಎಲ್ಲೆಲ್ಲೂ ಅದೇ ಒಂದು ಗೇಣು. ಬೆರಳು ಬಿಡಿಸಿ ಜಾಡಿಸಿದರೆ ಪುಸ್ತಕ ಬೀಳದೆ ಅಂಗೈಗೆ ಅಂಟಿಕೊಂಡು ಕೂತಿತು. ಕೊನೆಗೆ ಅವಳು ಕತ್ತರಿ ತಂದು, ಒಳ್ಳೆಯ ಅಂಗಿಯ ತೋಳನ್ನು ಸೀಳಿ ಬಟ್ಟೆ ಬದಲಿಸಿಕೊಟ್ಟಳು.

"ಪುಸ್ತಕದ ಗಾಳಿ ಸೋಕಿದ್ರೆ ಸಾಕು ಅಂತಿದ್ರಲ್ಲ," ಎಂದಳು. "ಸೋಕಿದೆ."

ಸೋಮವಾರ ಅಂಗಡಿಯಲ್ಲಿ ಇನ್ನೊಂದು ಶುರುವಾಯಿತು. ಒಬ್ಬ ಮುದುಕಿಗೆ ಕಣ್ಣು ಪರೀಕ್ಷೆ ಮಾಡಲೆಂದು ಅವನು ಎಡಗೈಯಲ್ಲಿ ಒಂದು ಗಾಜನ್ನೆತ್ತಿ ಬೆಳಕಿಗೆ ಹಿಡಿದ. ಗಾಜಿನಲ್ಲಿ ಒಂದು ಮೆಟ್ಟಿಲಸಾಲು ಕಂಡಿತು. ಮರದ ಮೆಟ್ಟಿಲು, ಬಣ್ಣ ಎದ್ದ ಗೋಡೆ, ಕಟಾಂಜನದ ಮೇಲೆ ಒಣಗಲು ಹಾಕಿದ ಒಂದು ಶಾಲು. ಗಾಜು ಒರೆಸಿದ. ಮೆಟ್ಟಿಲು ಇನ್ನಷ್ಟು ಸ್ಪಷ್ಟವಾಯಿತು. ಬೇರೆ ಗಾಜು ತೆಗೆದ. ಮೈನಸ್ ಗಾಜಿನಲ್ಲಿ ಮೆಟ್ಟಿಲು ದೂರದಲ್ಲಿತ್ತು, ಪ್ಲಸ್ ಗಾಜಿನಲ್ಲಿ ಹತ್ತಿರ. ಪೆಟ್ಟಿಗೆಯಲ್ಲಿದ್ದ ಎಲ್ಲಕ್ಕಿಂತ ದಪ್ಪದ ಗಾಜನ್ನು ಹಿಡಿದಾಗ ಮೇಲಿನ ಮೆಟ್ಟಿಲಿನ ಮೇಲೆ ಒಬ್ಬ ಹೆಂಗಸು ನಿಂತಿರುವುದು ಕಾಣಿಸಿತು. ಅವಳು ಇವನನ್ನೇ ನೋಡುತ್ತಿದ್ದಳು.

ಕನ್ನಡಕಪ್ಪ ಗಾಜನ್ನು ಡ್ರಾಯರಿಗೆ ತಳ್ಳಿ, ತನ್ನ ಕನ್ನಡಕವನ್ನೂ ಕಿತ್ತು ಪಕ್ಕಕ್ಕಿಟ್ಟ. ಕನ್ನಡಕವಿಲ್ಲದೆ ಅವನಿಗೆ ತನ್ನ ಮೂಗೂ ಸರಿಯಾಗಿ ಕಾಣುವುದಿಲ್ಲ. ಅಂಗಡಿ, ಬೋರ್ಡು, ಮುದುಕಿ ಎಲ್ಲ ಮಸುಕಾದವು. ಮೆಟ್ಟಿಲು ಮಾತ್ರ ಮಸುಕಾಗಲಿಲ್ಲ.

"ಯಾವುದು ಚೆನ್ನಾಗಿ ಕಾಣುತ್ತಪ್ಪಾ, ಇದಾ ಅದಾ?" ಎಂದು ಮುದುಕಿ ಅವನನ್ನೇ ಕೇಳಿದಳು.

ಅವತ್ತಿನಿಂದ ಸದ್ದೂ ಜೊತೆಗೆ ಸೇರಿಕೊಂಡಿತು. ಯಾರೋ ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿರುವ ಸದ್ದು, ಅವಸರವಿಲ್ಲದ್ದು. ಅವನ ಅಂಗಡಿ ನೆಲಮಟ್ಟದಲ್ಲಿದೆ, ಮೇಲೆ ಮಹಡಿಯೇ ಇಲ್ಲ. ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿದರೂ ಅದೇ ಸದ್ದು. ಬ್ಯಾಂಕಿನ ಸಾಲಿನಲ್ಲಿ ನಿಂತರೂ ಅದೇ, ಅವನ ಬೆನ್ನ ಹಿಂದೆಯೇ. ತಿರುಗಿ ನೋಡಿದರೆ ನಿಲ್ಲುತ್ತಿತ್ತು, ಮುಂದೆ ನೋಡಿದರೆ ಮತ್ತೆ ಒಂದು ಮೆಟ್ಟಿಲು ಇಳಿಯುತ್ತಿತ್ತು.

ಇಷ್ಟಾದರೂ ಅವನಿಗೆ ವಿಷಯ ತಲೆಗೆ ಹೋಗಲಿಲ್ಲ. ಹೋಗುವಂತೆ ಮಾಡಿದ್ದು ಗುರುವಾರ ನಡೆದ ಸಂಗತಿ. ಮಧ್ಯಾಹ್ನ ಅಂಗಡಿಯಲ್ಲಿ ಕೂತವನ ಕೈಯಲ್ಲಿ ಪುಸ್ತಕ ತಾನಾಗಿ ತೆರೆದುಕೊಂಡಿತು. ಅವನ ಬಾಯಿ ಗಟ್ಟಿಯಾಗಿ ಓದತೊಡಗಿತು. ಓದುವ ಬಾಯಿಯ ಹಿಂದೆ ಕಾಲುಗಳೂ ಹೊರಟವು. ತಾನು ಓದುತ್ತಿರುವುದು ಅವನ ಕಿವಿಗೇ ಹತ್ತುತ್ತಿರಲಿಲ್ಲ. ಅಂಗಡಿಯ ಬಾಗಿಲು ದಾಟಿ, ಔಷಧಿ ಅಂಗಡಿ ದಾಟಿ, ರಸ್ತೆಯ ನಡುವೆಯೇ ಪ್ರವಚನಕಾರನಂತೆ ನಡೆದ. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಸ್ವಲ್ಪ ಹೊತ್ತಿಗೆ ಒಂದು ಕಾರು ಅವನ ಪಕ್ಕದಲ್ಲೇ ಆಮೆಯ ವೇಗದಲ್ಲಿ ಬರತೊಡಗಿತು. ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು. ಕಲಿಯುತ್ತಿದ್ದ ದಪ್ಪನೆಯ ಮನುಷ್ಯ ಸ್ಟಿಯರಿಂಗನ್ನು ಅಪ್ಪಿಕೊಂಡಿದ್ದ. ಪಕ್ಕದ ಕಿಟಕಿಯಿಂದ ಹೆಂಡತಿ ತಲೆ ಹೊರಹಾಕಿದಳು.

"ಎಲ್ಲಿಗ್ರೀ?"

"ಗೊತ್ತಿಲ್ಲ," ಎಂದ ಕನ್ನಡಕಪ್ಪ, ಎರಡು ವಾಕ್ಯಗಳ ನಡುವೆ ಉಸಿರು ಸಿಕ್ಕಾಗ. "ಓದಿಸಿಕೊಂಡು ಹೋಗ್ತಿದೆ."

ಕಾರೂ ಅವನೂ ಒಟ್ಟಿಗೆ ಊರಿನ ಹಳೆಯ ಭಾಗದ ಒಂದು ಬೀಗ ಹಾಕಿದ ಮನೆಯವರೆಗೆ ಹೋದರು. ಮನೆಯ ಹೊರಗಿನಿಂದಲೇ ಮಹಡಿಗೆ ಹತ್ತುವ ಮರದ ಮೆಟ್ಟಿಲಿತ್ತು. ಬಣ್ಣ ಎದ್ದ ಗೋಡೆಯಿತ್ತು. ಕಟಾಂಜನದ ಮೇಲೆ ಶಾಲು ಇರಲಿಲ್ಲ, ಆದರೆ ಶಾಲು ಇದ್ದಷ್ಟು ಜಾಗದಲ್ಲಿ ಧೂಳಿರಲಿಲ್ಲ. ಮೆಟ್ಟಿಲ ಬುಡಕ್ಕೆ ಬಂದು ಅವನ ಬಾಯಿ ನಿಂತಿತು, ಕಾಲೂ ನಿಂತಿತು. ಹಿಂದೆ ಕಾರೂ ಗಕ್ಕನೆ ನಿಂತಿತು. ಅದು ಎರಡನೆಯ ಬ್ರೇಕಿನ ಕೆಲಸ.

ಹೆಂಡತಿ ಇಳಿದು ಬಂದು, ಗಂಡನ ಭುಜ ಹಿಡಿದು ತಿರುಗಿಸಿ, ಹಿಂದಿನ ಸೀಟಿನಲ್ಲಿ ಕೂರಿಸಿದಳು. "ನೀವು ಗಾಡಿ ತಿರುಗಿಸಿ, ನಿಧಾನ," ಎಂದು ಕಲಿಯುವವನಿಗೆ ಹೇಳಿ, ಹಿಂದೆ ತಿರುಗಿದಳು. "ಈಗ ಹೇಳಿ. ಆ ಕೂಟದಲ್ಲಿ ಈ ಪುಸ್ತಕದ ಬಗ್ಗೆ ಏನೇನು ಹೇಳಿದ್ರಿ? ಒಂದೂ ಬಿಡದೆ."

"ಕೈಗೆತ್ತಿಕೊಂಡ್ರೆ ಕೆಳಗಿಡೋಕ್ಕೆ ಆಗಲ್ಲ ಅಂದೆ."

ಅವಳು ಒಂದು ಬೆರಳು ಮಡಚಿದಳು.

"ಓದಿಸಿಕೊಂಡು ಹೋಗುತ್ತೆ ಅಂದೆ. ಕಣ್ಣಿಗೆ ಕಟ್ಟುತ್ತೆ ಅಂದೆ." ಅವನ ದನಿ ಸಣ್ಣದಾಗುತ್ತ ಬಂತು. "ಕಾಡುತ್ತೆ ಅಂದೆ."

"ಆಯ್ತಾ?"

"ಇನ್ನೊಂದಿದೆ."

"ಏನು?"

"ಲೇಖಕಿ ಎದುರಿಗೇ ಬಂದು ಕೂತು ಮಾತಾಡಿದ ಹಾಗಿದೆ ಅಂದೆ."

ಸ್ಟಿಯರಿಂಗಿನ ಮುಂದಿದ್ದ ಮನುಷ್ಯ ಕನ್ನಡಿಯನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸಿ, ಹಿಂದಿನ ಸೀಟು ಕಾಣದ ಹಾಗೆ ಮಾಡಿಕೊಂಡ.

"ಸರಿ," ಎಂದಳು ಹೆಂಡತಿ. "ಮನೆಗೆ ಹೋಗಿ ಕುರ್ಚಿ ಒರೆಸಿಡ್ತೀನಿ."

"ತಮಾಷೆ ಮಾಡಬೇಡ ಕಣೇ."

"ತಮಾಷೆ ಏನು ಬಂತು? ನೀವು ಕರೆದಿದೀರಿ, ಅವರು ಬರ್ತಾರೆ. ಧೂಳಲ್ಲಿ ಕೂರಿಸೋಕ್ಕಾಗುತ್ತಾ?"

ಕನ್ನಡಕಪ್ಪನಿಗೆ ಈಗ ನಿಜವಾಗಿ ಭಯ ಹಿಡಿಯಿತು. ಅಧ್ಯಕ್ಷರ ಕುರ್ಚಿ ಹಾಗಿರಲಿ, ಒಂದೇ ಕೈಯಲ್ಲಿ ಕನ್ನಡಕ ಕೂರಿಸುವುದು ಹೇಗೆ, ಮೆಟ್ಟಿಲು ಕಾಣುವ ಕಣ್ಣಿನಿಂದ ಗಿರಾಕಿಯ ಕಣ್ಣು ನೋಡುವುದು ಹೇಗೆ? ಹೀಗೇ ಮುಂದುವರಿದರೆ ಅಂಗಡಿ ಮುಚ್ಚುವುದೇ ಗತಿ. ಅವನು ಶುಕ್ರವಾರವಿಡೀ ಎದುರಿನ ಕುರ್ಚಿಗೆ ಬೆನ್ನು ಹಾಕಿ ಕೂತ.

ಶನಿವಾರ ಮಧ್ಯಾಹ್ನ ಮೋಡ ಕವಿದಿತ್ತು. ಹೆಂಡತಿ ಪಾಠಕ್ಕೆ ಹೋಗಿದ್ದಳು. ಮನೆ ಮೂರನೆಯ ಮಹಡಿಯಲ್ಲಿತ್ತು. ಕೆಳಗಿನಿಂದ ವಾಹನಗಳ ಸದ್ದು ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತಿತು. ಕನ್ನಡಕಪ್ಪ ಎಡಗೈಯಲ್ಲಿ ಟೀ ಬಗ್ಗಿಸಿಕೊಂಡು ಅಡುಗೆಮನೆಯಿಂದ ಹೊರಗೆ ಬಂದ. ಒರೆಸಿಟ್ಟ ಕುರ್ಚಿಯ ಮೇಲೆ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಹೆಗಲ ಮೇಲೆ ಶಾಲು ಇತ್ತು.

ಅವನು ಮೊದಲು ನೋಡಿದ್ದು ಅವರ ಕನ್ನಡಕವನ್ನು. ಏನೇ ಆದರೂ ಕಸುಬಿನ ಕಣ್ಣು. ಆ ಫ್ರೇಮನ್ನು ಅವನು ಚಿಕ್ಕವನಿದ್ದಾಗ ಅಪ್ಪನ ಅಂಗಡಿಯಲ್ಲಿ ಕಂಡಿದ್ದ, ಆಮೇಲೆ ಎಲ್ಲೂ ಕಂಡಿರಲಿಲ್ಲ. ಗಾಜು ಬಹಳ ದಪ್ಪ. ಅಷ್ಟು ದಪ್ಪ ಗಾಜಿನ ಹಿಂದೆ ಯಾರ ಕಣ್ಣಾದರೂ ದೊಡ್ಡದಾಗಿಯೋ ಚಿಕ್ಕದಾಗಿಯೋ ಕಾಣಬೇಕು. ಅವರ ಕಣ್ಣು ಇದ್ದ ಹಾಗೇ ಕಾಣುತ್ತಿತ್ತು.

"ಓದಿದ್ರಾ?" ಎಂದರು.

"ಓದದೆ ಇರ್ತೀನಾ ಅಮ್ಮಾ," ಎಂದ ಕನ್ನಡಕಪ್ಪ. ನಾಲಿಗೆಯ ಹಳೆಯ ಅಭ್ಯಾಸ. ಪುಸ್ತಕ ಅಂಗೈಯಲ್ಲಿ ಚುರ್ರೆಂದಿತು.

"ಏನು ಇಷ್ಟ ಆಯ್ತು?"

"ಪಾತ್ರಗಳು. ಪಾತ್ರಗಳು ಬಹಳ ಜೀವಂತ..." ಎಂದವನು ಆ ಮಾತಿನಿಂದ ಇನ್ನೂ ಯಾರು ಯಾರು ಎದ್ದು ಬರುತ್ತಾರೋ ಎಂದು ಅಲ್ಲಿಗೇ ನಿಲ್ಲಿಸಿದ.

"ಯಾವ ಪಾತ್ರ?"

"ಅದೇ, ಆ..." ಅವನು ಚೊಕ್ಕವಾಗಿ ಕೆಮ್ಮಿದ. "...ಳಿದವಳು."

"ಕೆಮ್ಮಿಗೆ ಏನಾದ್ರೂ ತಗೊಳ್ಳಿ," ಎಂದರು ಅವರು.

ಅವರ ದನಿಯಲ್ಲಿ ಕೋಪವಿರಲಿಲ್ಲ. ಬಹಳ ಕಾಲ ಕಾದು ಅಭ್ಯಾಸವಾದವರ ದನಿ ಅದು. ಲೈಬ್ರರಿಯ ಕೌಂಟರಿನ ಮುಂದೆ ವಾರ ವಾರ ನಿಂತು, ಏನಂದ್ರು ಎಂದು ಕೇಳಿ, ಚೆನ್ನಾಗಿದೆ ಅಂದ್ರು ಎಂಬ ಸುಳ್ಳನ್ನು ಮಡಿಲಲ್ಲಿಟ್ಟುಕೊಂಡು ಹೋಗುತ್ತಿದ್ದ ಹೆಂಗಸು ಇವರೇ ಎಂದು ಅವನಿಗೆ ಹೊಳೆಯಿತು. ಟೀ ಲೋಟವನ್ನು ಅವರ ಮುಂದಿಟ್ಟ.

"ಓದಿಲ್ಲ ಅಮ್ಮಾ," ಎಂದ. "ಒಂದಕ್ಷರವೂ ಓದಿಲ್ಲ."

"ಹೂಂ. ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ." ಅವರು ಶಾಲು ಸರಿಮಾಡಿಕೊಂಡರು. "ಈಗ ಓದಿ. ನಾನು ಕೂತಿರ್ತೀನಿ."

"ಪೂರ್ತಿನಾ?"

"ಮಧ್ಯದ್ದೂ."

ಅವನು ಓದಿದ. ತನ್ನ ಜನ್ಮದಲ್ಲಿ ಮೊದಲ ಸಲ ಮೊದಲ ಪುಟದ ನಂತರ ಎರಡನೆಯ ಪುಟ ಓದಿದ. ದೆವ್ವದ ಎದುರು ಕೂತು ಪುಟ ಹಾರಿಸುವ ಧೈರ್ಯ ಯಾರಿಗಿರುತ್ತದೆ?

ಕಥೆ ದೊಡ್ಡದೇನಲ್ಲ. ಮಹಡಿಯ ಮೇಲೆ ಹೆಂಡತಿ, ಕೆಳಗಿನ ಕೋಣೆಯಲ್ಲಿ ಗಂಡ. ಹೆಂಡತಿ ದಿನಾ ಮೆಟ್ಟಿಲಿಳಿದು ಬಂದು ತಾನು ಕಂಡದ್ದು, ಕೇಳಿದ್ದು, ಕನಸಿನಲ್ಲಿ ಬಂದದ್ದು ಹೇಳುತ್ತಾಳೆ. ಗಂಡ ತಲೆ ಎತ್ತದೆ "ಚೆನ್ನಾಗಿದೆ" ಎನ್ನುತ್ತಾನೆ. ಹೊಸ ಸೀರೆಗೂ ಚೆನ್ನಾಗಿದೆ, ಅವಳ ತಾಯಿ ತೀರಿಕೊಂಡ ಸುದ್ದಿಗೂ ಚೆನ್ನಾಗಿದೆ. ನಡುವೆ ಮೆಟ್ಟಿಲಿನ ವರ್ಣನೆ ಬಂತು. ಅದು ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಕನ್ನಡಕಪ್ಪ ಬಾಯಿ ಮುಚ್ಚಿಕೊಂಡು ಆಕಳಿಸಿದ.

"ಅದು ಯಾವ ಪುಟ?" ಎಂದು ಎದುರಿನವರು ತಕ್ಷಣ ಬಗ್ಗಿ ನೋಡಿದರು.

ಆಮೇಲೆ ಆ ಹೆಂಡತಿ ಹೇಳುವುದನ್ನು ನಿಲ್ಲಿಸುತ್ತಾಳೆ. ಗಂಡನಿಗೆ ಅದು ಗೊತ್ತಾಗುವುದೇ ಇಲ್ಲ. ಅವಳು ಅಲ್ಲಿ ಇಲ್ಲದಿದ್ದರೂ ಅವನು ದಿನಾ ಅದೇ ಹೊತ್ತಿಗೆ "ಚೆನ್ನಾಗಿದೆ" ಎನ್ನುತ್ತಿರುತ್ತಾನೆ. ಕೊನೆಯ ಪುಟದಲ್ಲಿ ಅವಳು ಕೊನೆಯ ಮೆಟ್ಟಿಲಿನ ಮೇಲೆ ನಿಂತು ಬೀದಿ ಬಾಗಿಲಿನ ಚಿಲಕಕ್ಕೆ ಕೈ ಇಡುತ್ತಾಳೆ. ಒಳಗಿನಿಂದ ಗಂಡನ ದನಿ ಕೇಳಿಸುತ್ತದೆ. ಅಲ್ಲಿಗೆ ಪುಸ್ತಕ ಮುಗಿದಿತ್ತು.

"ಏನನ್ನಿಸ್ತು?" ಎಂದರು ಅವರು. ಕೇಳುತ್ತ ಕುರ್ಚಿಯ ಅಂಚಿಗೆ ಸರಿದು ಕೂತರು.

"ಮೆಟ್ಟಿಲಿನ ವರ್ಣನೆ ಜಾಸ್ತಿ ಆಯ್ತು ಅಮ್ಮಾ. ಬೇಜಾರಾಯ್ತು."

"ನನಗೂ ಅನುಮಾನ ಇತ್ತು. ಆಮೇಲೆ?"

"ಆಮೇಲೆ ಹೆದರಿಕೆ ಆಯ್ತು."

"ಹೆದರೋಕ್ಕೆ ಅದರಲ್ಲಿ ದೆವ್ವ ಗಿವ್ವ ಏನೂ ಇಲ್ಲವಲ್ಲ."

"ಇಲ್ಲ." ಕನ್ನಡಕಪ್ಪ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡ. "ನನ್ನ ಹೆಂಡತಿ ಬೆಳಿಗ್ಗೆ ಟೀ ಕುಡಿಯೋವಾಗ ತಾನು ಓದಿದ್ದನ್ನ ಹೇಳ್ತಿದ್ಲು. ದಿನಾ ಹೇಳ್ತಿದ್ಲು. ನಾನೂ ಏನೋ ಒಂದು ಅಂತಿದ್ದೆ. ಯಾವಾಗ ನಿಲ್ಲಿಸಿದ್ಲು ಅಂತ ನೆನಪಾಗ್ತಿಲ್ಲ ಅಮ್ಮಾ."

"ಇಷ್ಟು ಕೇಳೋಕ್ಕೆ ಇಷ್ಟು ಕಾಲ ಬೇಕಾಯ್ತು," ಎಂದರು. "ಅಲ್ಲಿ ಹೇಳಿದ್ದನ್ನ ಅಲ್ಲೇ ಸರಿ ಮಾಡಿ. ಕೈ ಬಿಡುತ್ತೆ."

"ಅವಳು ಚಿಲಕ ತೆಗೆದಳಾ ಅಮ್ಮಾ? ಪುಸ್ತಕದ ಹೆಸರೇನು?"

"ಬರೆದಾಗ ಗೊತ್ತಿತ್ತು. ಯಾರೂ ಕೇಳಲಿಲ್ಲ, ಮರೆತುಹೋಯ್ತು."

ಆಗ ಆ ಸದ್ದು ಕೇಳಿಸಿತು. ಚಪ್ಪಲಿಯ ಸದ್ದು, ಮೆಟ್ಟಿಲಿನ ಮೇಲೆ. ಈ ಸಲ ಅದು ಬೆನ್ನ ಹಿಂದಿರಲಿಲ್ಲ. ತಮ್ಮದೇ ಮನೆಯ ಬಾಗಿಲಿನಾಚೆ ಇತ್ತು, ಇಳಿಯುತ್ತಿತ್ತು. ಒಂದೊಂದು ಮೆಟ್ಟಿಲಿಗೂ ಸಣ್ಣದಾಗುತ್ತಿತ್ತು. ಕನ್ನಡಕಪ್ಪನಿಗೆ ಆ ಚಪ್ಪಲಿಯ ಗುರುತು ಹತ್ತಿತು. ಅವನು ಕುರ್ಚಿ ಉರುಳಿಸಿ ಎದ್ದು, ಪುಸ್ತಕದ ಕೈಯಲ್ಲೇ ಬಾಗಿಲು ಎಳೆದು ಹೊರಗೆ ಓಡಿದ.

ಹೆಂಡತಿ ಕೆಳಗಿನ ತಿರುವಿನಲ್ಲಿ ನಿಂತು ತಲೆ ಎತ್ತಿ ನೋಡಿದಳು. "ಏನಾಯ್ತು? ಬಾಗಿಲವರೆಗೂ ಬಂದಿದ್ದೆ, ಕೀ ಕಾರಲ್ಲೇ ಬಿಟ್ಟಿದ್ದೆ. ಅದಕ್ಕೆ ಇಳೀತಿದ್ದೆ."

"ಆ ಬಸ್ ಟಿಕೆಟ್ ಇಟ್ಟಿದೀಯಲ್ಲ, ನಿನ್ನ ಪುಸ್ತಕ," ಎಂದ ಕನ್ನಡಕಪ್ಪ ಏದುಸಿರು ಬಿಡುತ್ತ. "ಅದರಲ್ಲಿ ಏನು ಕಥೆ?"

ಅವಳು ಮೆಟ್ಟಿಲು ಹತ್ತಿ ಬಂದು ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ," ಎಂದಳು. ಒಳಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತವಳೇ ಬೆಚ್ಚಿ ಎದ್ದಳು. "ಐಸಿನ ಹಾಗಿದೆಯಲ್ರೀ ಇದು. ಬಂದಿದ್ರಾ?" ಮೇಜಿನ ಮೇಲೆ ಯಾರೂ ಮುಟ್ಟದ ಟೀ ಕೆನೆಗಟ್ಟಿತ್ತು.

ಆ ಸಂಜೆ ಅವಳೂ ಆ ಕಾದಂಬರಿ ಓದಿದಳು. ಪುಸ್ತಕ ಗಂಡನ ಕೈ ಬಿಡದ ಕಾರಣ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಅವನು ಹಿಡಿದಿರುವಂತೆಯೇ ಪುಟ ತಿರುವಿದಳು. ಇಷ್ಟು ವರ್ಷಕ್ಕೆ ಗಂಡ ಪುಸ್ತಕದ ಸ್ಟ್ಯಾಂಡಾಗಿಯಾದರೂ ಉಪಯೋಗಕ್ಕೆ ಬಂದ. ಮೆಟ್ಟಿಲಿನ ವರ್ಣನೆ ಮಾತ್ರ ಅವಳಿಗೆ ಬಹಳ ಇಷ್ಟವಾಯಿತು. ಅದರ ಬಗ್ಗೆ ಇಬ್ಬರಿಗೂ ಸಣ್ಣ ಜಗಳವಾಯಿತು.

ಭಾನುವಾರ ಅಧ್ಯಕ್ಷರ ಕುರ್ಚಿಗೆ ಹಾರ ಹಾಕಿಟ್ಟಿದ್ದರು. ಕನ್ನಡಕಪ್ಪ ಅದನ್ನೊಮ್ಮೆ ಆಸೆಯಿಂದ ನೋಡಿ, ಎದ್ದು ನಿಂತ. "ಹೋದ ವಾರ ನಾನು ಈ ಪುಸ್ತಕ ಓದಿರಲಿಲ್ಲ. ಹೇಳಿದ್ದೆಲ್ಲ ಬಾಯಿಗೆ ಬಂದದ್ದು. ಈಗ ಓದಿದೆ. ಮಧ್ಯದಲ್ಲಿ ನನಗೆ ಬೇಜಾರಾಯ್ತು, ನನ್ನ ಹೆಂಡತಿಗೆ ಆಗಲಿಲ್ಲ. ಕೊನೆಯಲ್ಲಿ ಭಯ ಆಯ್ತು. ಇಷ್ಟೇ." ಮಾತು ಮುಗಿಯುವಷ್ಟರಲ್ಲಿ ಅವನ ಕೈ ತಾನಾಗಿ ಕೆಳಗಿಳಿದು, ಪುಸ್ತಕ ಮೇಜಿನ ಮೇಲೆ ಟಪ್ಪೆಂದು ಕೂತಿತು. ಅವನು ಬೆರಳುಗಳನ್ನು ಬಿಡಿಸಿ ಮಡಚಿ ನೋಡಿಕೊಂಡ. ಆಮೇಲೆ ಕೇಳಿದವರಿಗೆ ವಾರವಿಡೀ ನಡೆದದ್ದನ್ನು ಬಿಡಿಸಿ ಹೇಳಿದ.

ಯಾರೂ ನಗಲಿಲ್ಲ. ಒಬ್ಬೊಬ್ಬರೇ ತಮ್ಮ ಕೈಯಲ್ಲಿದ್ದ ಪುಸ್ತಕಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಮತ್ತೆ ಎತ್ತಿ, ಮತ್ತೆ ಇಟ್ಟು ನೋಡಿದರು. ಹಲ್ಲಿನ ಡಾಕ್ಟರು ಬಗ್ಗಿ ತಮ್ಮ ಹಿಮ್ಮಡಿ ನೆಲಕ್ಕೆ ತಾಗುತ್ತಿದೆಯೇ ಎಂದು ಪರೀಕ್ಷಿಸಿಕೊಂಡರು. ಒಂದೇ ಉಸಿರಿಗೆ ಓದಿದ್ದ ಜಡ್ಜ್ ಸಾಹೇಬರು ಎದೆಯ ಮೇಲೆ ಕೈಯಿಟ್ಟು, ಒಳಗೆಳೆದುಕೊಂಡ ಉಸಿರು ಹೊರಗೆ ಬರುತ್ತದೆಯೇ ಎಂದು ಸ್ವಲ್ಪ ಹೊತ್ತು ಕಾದು, "ತೀರ್ಪನ್ನು ಮುಂದೂಡಲಾಗಿದೆ," ಎಂದರು.

ಹೆಂಡತಿ ಅವನನ್ನು ಕರೆದೊಯ್ಯಲು ಬಂದಾಗ ಲೈಬ್ರರಿ ಮೇಡಂ ಕೆಳಗಿನ ಕೌಂಟರಿನ ಮೇಲೆ ಬಂಗಾರದ ಬಣ್ಣದ ಸಣ್ಣ ಸೀಸೆ ತೆರೆದಿಟ್ಟುಕೊಂಡಿದ್ದರು. ಕಂದು ರಟ್ಟಿನ ಪುಸ್ತಕದ ಬೆನ್ನು ಒರೆಸಿ, ಕುಂಚ ಅದ್ದಿ, "ಅಂತೂ ಓದಿದ್ರಲ್ಲ. ಮೊದಲನೇ ಅಕ್ಷರ ಏನು ಬರೀಲಿ?" ಎಂದು ಕೇಳಿದರು. "ಉಳಿದವಳಾ, ಇಳಿದವಳಾ?"

ಕನ್ನಡಕಪ್ಪನಿಗೆ ಕೆಮ್ಮು ಬರಲಿಲ್ಲ. ಅವನು ಹೆಂಡತಿಯ ಮುಖ ನೋಡಿದ.

"'ಉ' ಅಂತಲೇ ಬರೀರಿ," ಎಂದಳು ಅವಳು. ಕನ್ನಡಕಪ್ಪ ಸಮಾಧಾನದ ಉಸಿರು ಬಿಟ್ಟ. ಅವಳು ಅವನನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿ, ಮೇಡಂ ಕೈಯಲ್ಲಿದ್ದ ಕುಂಚವನ್ನು ಮೆಲ್ಲಗೆ ತಡೆದಳು.

"ಬಂಗಾರದ ಬಣ್ಣ ಈಗಲೇ ಬೇಡ ಮೇಡಂ. ಸದ್ಯಕ್ಕೆ ಪೆನ್ಸಿಲ್ ಸಾಕು."